ಕೆಡಿಸಿದ ನಾದದಲ್ಲಿ ಇಂಪು: ಗಿಟಾರಿನ ಓವರ್‌ಡ್ರೈವ್ ಪೆಡಲನ್ನು ಪರೀಕ್ಷಿಸುವ ಬಗೆ

ಊರ ಜಾತ್ರೆಯಲ್ಲಿ ಲೌಡ್‌ಸ್ಪೀಕರನ್ನು ಅದರ ಶಕ್ತಿಗೆ ಮೀರಿ ಕೂಗಿಸಿದಾಗ ಹಾಡು ಒಡೆದು ಗೊರಗೊರ ಸದ್ದಾಗಿ ಕಿವಿಗೆ ಬೀಳುವುದನ್ನು ನಾವೆಲ್ಲರೂ ಕೇಳಿದ್ದೇವೆ. ಹಾಗೆ ಒಡೆಯದಂತೆ, ಹೊರಟ ನಾದವನ್ನು ಇದ್ದುದು ಇದ್ದಂತೆಯೇ ಹಿಗ್ಗಿಸಿ ಕೇಳಿಸಬೇಕೆಂಬುದು ಧ್ವನಿಯಂತ್ರಗಳನ್ನು ನಿರ್ಮಿಸುವವರ ಬಹುಕಾಲದ ಹಂಬಲ. ಹೀಗಿರುವಾಗ ನಾದವನ್ನು ಬೇಕೆಂದೇ ಒಡೆಯುವ ಸಲಕರಣೆಯೊಂದನ್ನು ಹಣ ಕೊಟ್ಟು ಕೊಳ್ಳುವವರೂ ಇದ್ದಾರೆಂದರೆ ಸೋಜಿಗವೆನಿಸದಿರದು. ವಿದ್ಯುತ್ ಗಿಟಾರನ್ನು ನುಡಿಸುವವರ ಕಾಲಬಳಿ ಇರುವ, ಅಂಗೈಯಗಲದ ಲೋಹದ ಪೆಟ್ಟಿಗೆಯೇ ಆ ಸಲಕರಣೆ. ಅದನ್ನು ಓವರ್‌ಡ್ರೈವ್ ಪೆಡಲು ಎನ್ನುತ್ತಾರೆ.

ಪ್ರತಿವರ್ಷವೂ ಹೊಸ ಹೊಸ ಹೆಸರಿನ ಪೆಡಲುಗಳು ಅಂಗಡಿಗೆ ಬರುತ್ತಿವೆ. ಪ್ರತಿಯೊಂದೂ ಹಿಂದಿನದಕ್ಕಿಂತ ಮೇಲೆಂದು ಅದನ್ನು ಮಾರುವವರು ಹೇಳುತ್ತಾರೆ. ಉಳಿತಾಯದ ಹಣವನ್ನು ಕೈಯಲ್ಲಿ ಹಿಡಿದು ನಿಂತ ವಿದ್ಯಾರ್ಥಿ ಈ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು? ಕಿವಿಯಿಂದ ಕೇಳಿ ತೀರ್ಮಾನಿಸಿದರಾಯಿತಲ್ಲ ಎನ್ನಬಹುದು. ಆದರೆ ಕಿವಿಯೂ ಮೋಸಹೋಗುವ ಇಂದ್ರಿಯವೇ. ಆದುದರಿಂದ ಪೆಡಲಿನ ಒಳಗೆ ನಡೆಯುವುದೇನು, ಕಿವಿಯು ಮೋಸಹೋಗದಂತೆ ಅದನ್ನು ಪರೀಕ್ಷಿಸುವುದು ಹೇಗೆ ಎಂಬ ಎರಡು ವಿಷಯಗಳನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ತಲೆ ಸವರಿದ ಅಲೆ

ವಿದ್ಯುತ್ ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಎಂಬ ಅಂಗವಿದೆ. ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ ಸಣ್ಣ ತಾಮ್ರದ ತಂತಿ, ಇವೆರಡೇ ಅದರ ಸಾರ. ಉಕ್ಕಿನ ತಂತಿಯನ್ನು ಮೀಟಿದೊಡನೆ ಅದರ ಕಂಪನದಿಂದ ಸುರುಳಿಯ ಮೂಲಕ ಹಾಯುವ ಕಾಂತಬಲವು ಹೆಚ್ಚುಕಡಮೆಯಾಗಿ, ಅದೇ ಲಯದಲ್ಲಿ ಏರಿಳಿಯುವ ವಿದ್ಯುತ್ತು ಸುರುಳಿಯಲ್ಲಿ ಹುಟ್ಟುತ್ತದೆ. ಇದು ಬಹಳ ದುರ್ಬಲವಾದುದು; ಒಂದು ವೋಲ್ಟಿನ ಹತ್ತನೆಯ ಒಂದು ಭಾಗದ ಆಸುಪಾಸು ಎಂದಿಟ್ಟುಕೊಳ್ಳಬಹುದು. ಇದನ್ನು ನೂರಾರು ಪಟ್ಟು ಹಿಗ್ಗಿಸಿ ಲೌಡ್‌ಸ್ಪೀಕರಿಗೆ ಒಪ್ಪಿಸುವುದು ಆಂಪ್ಲಿಫೈಯರಿನ ಕೆಲಸ.

ಯಾವ ಆಂಪ್ಲಿಫೈಯರೂ ಮಿತಿಯಿಲ್ಲದೆ ಹಿಗ್ಗಿಸಲಾರದು. ಒಂಬತ್ತು ವೋಲ್ಟಿನ ಬ್ಯಾಟರಿಯಿಂದ ನಡೆಯುವ ಯಂತ್ರದಿಂದ ಇಪ್ಪತ್ತು ವೋಲ್ಟಿನ ಅಲೆಯನ್ನು ಬೇಡಿದರೆ ಅದು ಎಲ್ಲಿಂದ ತಂದೀತು? ತನ್ನ ಎಲ್ಲೆಯವರೆಗೆ ಅಲೆಯನ್ನು ಎತ್ತಿ, ಅಲ್ಲಿಗೆ ನಿಲ್ಲಿಸಿಬಿಡುತ್ತದೆ. ಹಳ್ಳಿಯಲ್ಲಿ ರಾಗಿ ಅಳೆಯುವಾಗ ಸೇರಿನ ಮೇಲೆ ಗೋಪುರವಾಗಿ ನಿಂತ ಕಾಳನ್ನು ಕೋಲಿನಿಂದ ಸವರಿ ಮಟ್ಟಮಾಡುತ್ತಾರಷ್ಟೆ. ಹಾಗೆಯೇ ಅಲೆಯ ದುಂಡುತಲೆ ಸವರಿಹೋಗಿ ಚಪ್ಪಟೆಯಾಗುತ್ತದೆ. ಜಾತ್ರೆಯ ಲೌಡ್‌ಸ್ಪೀಕರಿನಲ್ಲಿ ಹಾಡು ಒಡೆಯುವುದಕ್ಕೆ ಮುಖ್ಯ ಕಾರಣ ಇದೇ. ಕೋಲಿನಿಂದ ಸವರಿದರೆ ಅಂಚು ಚೂಪಾಗಿ ನಿಲ್ಲುತ್ತದೆ. ಅಂಗೈಯಿಂದ ಸವರಿದರೆ ಅಂಚು ಮೃದುವಾಗುತ್ತದೆ. ಅಲೆಯಲ್ಲಿಯೂ ಇದೇ ಭೇದವುಂಟು. ಕಟುವಾಗಿ ಕತ್ತರಿಸುವ ಪೆಡಲುಗಳಿಗೆ ಫಜ್ ಎಂದೂ ಮೃದುವಾಗಿ ಸವರುವವಕ್ಕೆ ಓವರ್‌ಡ್ರೈವ್ ಎಂದೂ ಸ್ಥೂಲವಾಗಿ ಹೆಸರು. ನಿರ್ವಾತ ನಳಿಕೆಗಳಿಂದ, ಎಂದರೆ ವಾಲ್ವುಗಳಿಂದ, ಮಾಡಿದ ಹಳೆಯ ಆಂಪ್ಲಿಫೈಯರುಗಳು ತಮ್ಮ ಎಲ್ಲೆಯನ್ನು ಮೆಲ್ಲಮೆಲ್ಲನೆ ಮುಟ್ಟುತ್ತಿದ್ದುದರಿಂದ ಅವುಗಳ ಸವರುವಿಕೆ ಮೃದುವಾಗಿತ್ತು. ಓವರ್‌ಡ್ರೈವ್ ಪೆಡಲು ಅನುಕರಿಸಲು ಹೊರಟದ್ದು ಇದನ್ನೇ.

ದೋಷವು ಗುಣವಾದ ಕಥೆ

ಈ ದೋಷದಲ್ಲಿ ಸೊಗಸಿದೆಯೆಂದು ಮೊದಲು ಕಂಡುಕೊಂಡವರು ಎಂಜಿನಿಯರರಲ್ಲ, ಅಮೆರಿಕದ ವಾದಕರು. ೧೯೫೧ರಲ್ಲಿ ಮೆಂಫಿಸ್ ನಗರದಲ್ಲಿ ಮುದ್ರಿತವಾದ 'ರಾಕೆಟ್ ೮೮' ಎಂಬ ಹಾಡಿನಲ್ಲಿ ಗಿಟಾರಿನ ದನಿ ಒಡಕಾಗಿ ಕೇಳುತ್ತದೆ. ದಾರಿಯಲ್ಲಿ ಆಂಪ್ಲಿಫೈಯರಿಗೆ ಪೆಟ್ಟಾಗಿ, ಅದರ ಸ್ಪೀಕರಿನೊಳಗೆ ಕಾಗದ ತುರುಕಿ ಕೆಲಸ ಸಾಗಿಸಿದರೆಂದು ಹೇಳುತ್ತಾರೆ. ೧೯೬೧ರಲ್ಲಿ ಹೊರಬಂದ ಮಾರ್ಟಿ ರಾಬಿನ್ಸ್ ಅವರ 'ಡೋಂಟ್ ವರಿ' ಎಂಬ ಹಾಡನ್ನು ನ್ಯಾಶ್‌ವಿಲ್ಲಿನಲ್ಲಿ ಮುದ್ರಿಸುವಾಗ ಧ್ವನಿಮುದ್ರಣ ಯಂತ್ರದ ಒಂದು ಭಾಗ ಕೆಟ್ಟು, ಗ್ರೇಡಿ ಮಾರ್ಟಿನ್ ಅವರ ವಾದ್ಯದ ನಾದ ಗೊಗ್ಗರಾಯಿತು. ಆ ಮುದ್ರಣವನ್ನು ಹಾಗೆಯೇ ಉಳಿಸಿಕೊಂಡರು, ಜನ ಮೆಚ್ಚಿದರು. ಅಲ್ಲಿದ್ದ ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಕೆಟ್ಟ ನಾದವನ್ನೇ ಬೇಕೆಂದಾಗ ಹುಟ್ಟಿಸುವ ಟ್ರಾನ್ಸಿಸ್ಟರ್ ಮಂಡಲವೊಂದನ್ನು ರಚಿಸಿದರು. ಗಿಬ್ಸನ್ ಸಂಸ್ಥೆಯವರು ಅದನ್ನು ೧೯೬೨ರಲ್ಲಿ 'ಮೇಸ್ಟ್ರೋ ಫಜ್-ಟೋನ್' ಎಂಬ ಹೆಸರಿನಿಂದ ಮಾರಾಟಕ್ಕೆ ತಂದರು. ೧೯೬೫ರಲ್ಲಿ ರೋಲಿಂಗ್ ಸ್ಟೋನ್ಸ್ ವೃಂದದ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿನಲ್ಲಿ ಕೀತ್ ರಿಚರ್ಡ್ಸ್ ಈ ಪೆಟ್ಟಿಗೆಯನ್ನು ಬಳಸಿದ ಮೇಲೆ ಅದರ ಹೆಸರು ಎಲ್ಲೆಡೆ ಹಬ್ಬಿತು.

ವಾಲ್ವು ಆಂಪ್ಲಿಫೈಯರಿನ ಮೃದುವಾದ ಒಡಕು ಬೇಕಾದರೆ ಅದನ್ನು ಪೂರ್ಣಶಕ್ತಿಯಿಂದ ಕೂಗಿಸಬೇಕು. ಮನೆಯಲ್ಲಿ ಅದು ಸಾಧ್ಯವೆ? ನೆರೆಹೊರೆಯವರು ಸುಮ್ಮನಿದ್ದಾರೆಯೆ? ಸಣ್ಣ ಸದ್ದಿನಲ್ಲಿಯೂ ಅದೇ ಬಗೆಯ ನಾದ ಬರಬೇಕೆಂಬ ಈ ಬಯಕೆಯನ್ನು ಈಡೇರಿಸಿದವುಗಳಲ್ಲಿ ಜಪಾನಿನ ಎರಡು ಪೆಡಲುಗಳು ಮುಖ್ಯವಾದುವು: ೧೯೭೭ರಲ್ಲಿ ಬಂದ ಬಾಸ್ ಸಂಸ್ಥೆಯ 'ಓಡಿ-೧', ಅದಾದ ಒಂದೆರಡು ವರ್ಷಗಳಲ್ಲಿ ಬಂದ ಐಬನೇಜ್ ಸಂಸ್ಥೆಯ 'ಟ್ಯೂಬ್ ಸ್ಕ್ರೀಮರ್'. ಎರಡನೆಯದನ್ನು ರಚಿಸಿದವರು ಸುಸುಮು ತಮುರಾ. ಇಂದಿನ ಹೊಸ ಪೆಡಲುಗಳಲ್ಲಿ ಎಷ್ಟೋ ಈ ಟ್ಯೂಬ್ ಸ್ಕ್ರೀಮರಿನ ಮಕ್ಕಳು, ಮೊಮ್ಮಕ್ಕಳು. ಆದುದರಿಂದ ಅದನ್ನೇ ಮಾದರಿಯಾಗಿ ತೆಗೆದುಕೊಳ್ಳೋಣ.

ಪೆಟ್ಟಿಗೆಯ ಒಳಗೆ

ಈ ಮಾದರಿಯ ಪೆಡಲಿನ ಹೃದಯಭಾಗದಲ್ಲಿ ಒಂದು ಪುಟ್ಟ ವರ್ಧಕ ಚಿಪ್ಪು ಇದೆ. ಅದು ಅಲೆಯನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬುದನ್ನು 'ಡ್ರೈವ್' ಎಂಬ ಗುಂಡಿ ಗೊತ್ತುಮಾಡುತ್ತದೆ. ಗುಂಡಿಯನ್ನು ಪೂರ್ಣ ಇಳಿಸಿದಾಗ ಸುಮಾರು ೧೨ ಪಟ್ಟು, ಪೂರ್ಣ ಏರಿಸಿದಾಗ ಸುಮಾರು ೧೧೮ ಪಟ್ಟು. ಪಿಕಪ್ಪಿನಿಂದ ೦.೧ ವೋಲ್ಟು ಬಂದರೆ ಮೊದಲನೆಯದರಲ್ಲಿ ೧.೨ ವೋಲ್ಟೂ ಎರಡನೆಯದರಲ್ಲಿ ೧೧.೮ ವೋಲ್ಟೂ ಆಗಬೇಕು. ಆದರೆ ಹಾಗಾಗಲು ಇಬ್ಬರು ಕಾವಲುಗಾರರು ಬಿಡುವುದಿಲ್ಲ. ಒಂದಕ್ಕೊಂದು ತಿರುಗುಮುರುಗಾಗಿ ಜೋಡಿಸಿದ ಎರಡು ಸಿಲಿಕಾನ್ ಡಯೋಡುಗಳೇ ಆ ಕಾವಲುಗಾರರು. ಡಯೋಡಿನ ಮೇಲಿನ ಒತ್ತಡ ೦.೬ ವೋಲ್ಟಿನ ಸುಮಾರಿಗೆ ಬರುವವರೆಗೆ ಅದು ಮುಚ್ಚಿದ ಬಾಗಿಲು. ಅಲ್ಲಿಂದ ಮುಂದೆ ತೆರೆದ ಬಾಗಿಲು. ಬಾಗಿಲು ತೆರೆಯುತ್ತಿದ್ದಂತೆ ಚಿಪ್ಪಿನ ಹಿಗ್ಗಿಸುವ ಶಕ್ತಿ ಕುಗ್ಗುತ್ತದೆ. ಅಲೆಯ ಮೇಲಿನ ತಲೆಯನ್ನು ಒಂದು ಡಯೋಡು, ಕೆಳಗಿನ ತಲೆಯನ್ನು ಇನ್ನೊಂದು ಡಯೋಡು ಸವರುತ್ತದೆ. ಬಾಗಿಲು ಥಟ್ಟನೆ ತೆರೆಯದೆ ಕ್ರಮೇಣ ತೆರೆಯುವುದರಿಂದಲೂ, ಮೂಲದ ಅಲೆ ಅಳಿಯದೆ ಸವರಿದ ಅಲೆಯ ಜೊತೆಯಲ್ಲಿಯೇ ಹೊರಬರುವಂತೆ ಜೋಡಣೆ ಇರುವುದರಿಂದಲೂ ನಾದ ಒರಟಾಗುವುದಿಲ್ಲ.

ಇನ್ನೊಂದು ಜಾಣ್ಮೆಯೂ ಇಲ್ಲಿದೆ. ಸೆಕೆಂಡಿಗೆ ಸುಮಾರು ೭೨೦ ಕಂಪನಗಳಿಗಿಂತ ಕೆಳಗಿನ ಸ್ವರಗಳನ್ನು ಈ ಮಂಡಲವು ಕಡಮೆ ಕಡಮೆಯಾಗಿ ಹಿಗ್ಗಿಸುತ್ತದೆ. ಗಿಟಾರಿನ ಅತ್ಯಂತ ದಪ್ಪ ತಂತಿಯ ಸ್ವರ ಸೆಕೆಂಡಿಗೆ ೮೨ ಕಂಪನಗಳದು. ಇಂತಹ ಮಂದ್ರಸ್ವರಗಳು ಹೆಚ್ಚು ಒಡೆದರೆ ನಾದವೆಲ್ಲ ಕೆಸರಾಗುತ್ತದೆ. ಹಾಗಾಗದಂತೆ ಇದು ತಡೆಯುತ್ತದೆ. ಪೆಟ್ಟಿಗೆಯ ಮೇಲಿರುವ ಉಳಿದೆರಡು ಗುಂಡಿಗಳಲ್ಲಿ 'ಟೋನ್' ಎಂಬುದು ತಾರಸ್ವರಗಳನ್ನು ಹೆಚ್ಚುಕಡಮೆ ಮಾಡುವುದಕ್ಕೆ, 'ಲೆವೆಲ್' ಎಂಬುದು ಹೊರಬರುವ ಸದ್ದಿನ ಪ್ರಮಾಣವನ್ನು ಗೊತ್ತುಪಡಿಸುವುದಕ್ಕೆ. ಈ ಕೊನೆಯ ಗುಂಡಿಯನ್ನು ಓದುಗರು ನೆನಪಿನಲ್ಲಿಡಬೇಕು. ಪರೀಕ್ಷೆಯ ನ್ಯಾಯವೆಲ್ಲ ಅದರ ಮೇಲೆ ನಿಂತಿದೆ.

ಹೊಸ ಸ್ವರಗಳು ಎಲ್ಲಿಂದ ಬಂದವು?

ಅಲೆಯ ತಲೆ ಸವರಿದರೆ ನಾದದಲ್ಲಿ ಏನು ಬದಲಾಗುತ್ತದೆ? ಯಾವುದೇ ಆವರ್ತಕ ಅಲೆಯನ್ನು ಸರಳ ಅಲೆಗಳ ಮೊತ್ತವಾಗಿ ಬಿಡಿಸಬಹುದೆಂಬುದು ಫ್ರಾನ್ಸಿನ ಗಣಿತಜ್ಞ ಫೂರಿಯೇ ಅವರ ಸಿದ್ಧಾಂತ. ಸೆಕೆಂಡಿಗೆ ೧೧೦ ಕಂಪನಗಳ ಒಂದು ಶುದ್ಧ ಸ್ವರವನ್ನು ಪೆಡಲಿನೊಳಕ್ಕೆ ಬಿಡೋಣ. ಮೇಲೂ ಕೆಳಗೂ ಸಮನಾಗಿ ಸವರಿದರೆ ಹೊರಬರುವ ನಾದದಲ್ಲಿ ೧೧೦ರ ಜೊತೆಗೆ ೩೩೦, ೫೫೦, ೭೭೦ ಎಂಬ ಬೆಸಮಡಿಯ ಮೇಲ್‌ಸ್ವರಗಳು ಹೊಸದಾಗಿ ಹುಟ್ಟಿಕೊಳ್ಳುತ್ತವೆ. ಒಂದು ಬದಿಯನ್ನು ಹೆಚ್ಚಾಗಿಯೂ ಇನ್ನೊಂದನ್ನು ಕಡಮೆಯಾಗಿಯೂ ಸವರಿದರೆ ೨೨೦, ೪೪೦ ಎಂಬ ಸರಿಮಡಿಯವೂ ಸೇರುತ್ತವೆ. ಬಾಸ್ ಸಂಸ್ಥೆಯ ಓಡಿ-೧ ಮಾಡುತ್ತಿದ್ದುದು ಈ ಎರಡನೆಯ ರೀತಿಯನ್ನು. ಮೇಲ್‌ಸ್ವರಗಳು ಹೆಚ್ಚಿದಷ್ಟೂ ನಾದ ತುಂಬಿಕೊಂಡು, ಮಿಂಚಿದಂತೆ ತೋರುತ್ತದೆ. ಅಲ್ಲದೆ, ತಂತಿಯ ಕಂಪನ ಕುಗ್ಗುತ್ತಿದ್ದರೂ ಸವರಿದ ಅಲೆಯ ಎತ್ತರ ಬಹಳ ಹೊತ್ತು ಹೆಚ್ಚುಕಡಮೆ ಒಂದೇ ಸಮನಾಗಿರುವುದರಿಂದ, ಮೀಟಿದ ಸ್ವರ ಬೇಗ ಅಡಗದೆ ಪಿಟೀಲಿನ ಸ್ವರದಂತೆ ಎಳೆದು ನಿಲ್ಲುತ್ತದೆ.

ಮೇಲ್‌ಸ್ವರಗಳನ್ನು ಕೂಡಿಸಿ ನಾದಕ್ಕೆ ಜೀವ ತುಂಬುವ ಕಲೆ ನಮ್ಮವರಿಗೆ ಅಪರಿಚಿತವೇನಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಸಣ್ಣ ನೂಲನ್ನು ಸಿಕ್ಕಿಸಿ, ಅದನ್ನು ಹಿಂದಕ್ಕೆ ಮುಂದಕ್ಕೆ ಸರಿಸಿ ಝೇಂಕಾರವನ್ನು ಹೊರಡಿಸುವುದು ಇದೇ ಉದ್ದೇಶದಿಂದ. ತಂತಿಯನ್ನು ಮೀಟಿದ ಬಿಂದುವಿನಲ್ಲಿ ಯಾವ ಮೇಲ್‌ಸ್ವರವು ನಿಶ್ಚಲವಾಗಿರಬೇಕೋ ಅದು ಹುಟ್ಟಲಾರದೆಂಬುದು ಭೌತಶಾಸ್ತ್ರದ ಹಳೆಯ ನಿಯಮ. ತಂಬೂರಿ ಮತ್ತು ವೀಣೆಗಳಲ್ಲಿ ಅಂತಹ ಮೇಲ್‌ಸ್ವರಗಳೂ ಬಲವಾಗಿ ಕೇಳಿಬರುತ್ತವೆಂದು ಚಂದ್ರಶೇಖರ ವೆಂಕಟ ರಾಮನ್ನರು ೧೯೨೧ರಲ್ಲಿ ಪ್ರಕಟಿಸಿದರು. ತಂಬೂರಿಯಲ್ಲಿ ಕುದುರೆ ಮಾಡುವ ಕೆಲಸ ಬೇರೆ, ಪೆಡಲಿನಲ್ಲಿ ಡಯೋಡು ಮಾಡುವ ಕೆಲಸ ಬೇರೆ. ಆದರೆ ಇದ್ದುದನ್ನು ಇದ್ದಂತೆ ಬಿಡದೆ ಮೇಲ್‌ಸ್ವರಗಳನ್ನು ಹೆಚ್ಚಿಸುವುದರಲ್ಲಿ ಎರಡಕ್ಕೂ ಹೋಲಿಕೆಯುಂಟು.

ಎರಡು ತಂತಿಗಳನ್ನು ಕೂಡಿಯೇ ಮೀಟಿದಾಗ ವಿಷಯ ಇನ್ನೂ ಸ್ವಾರಸ್ಯವಾಗುತ್ತದೆ. ಸವರುವಿಕೆಯಿಂದ ಎರಡೂ ಸ್ವರಗಳು ಒಂದರೊಡನೊಂದು ಬೆರೆತು, ಎರಡರಲ್ಲಿಯೂ ಇಲ್ಲದ ಸ್ವರಗಳನ್ನು ಹಡೆಯುತ್ತವೆ. ಒಂದರ ಇಮ್ಮಡಿಯಿಂದ ಇನ್ನೊಂದನ್ನು ಕಳೆದರೆ ಬರುವ ಸ್ವರ ಇವುಗಳಲ್ಲಿ ಮುಖ್ಯವಾದುದು. ೧೧೦ನ್ನು ಷಡ್ಜವೆಂದೂ ೧೬೫ನ್ನು ಪಂಚಮವೆಂದೂ ಇಟ್ಟುಕೊಂಡು ಲೆಕ್ಕಮಾಡೋಣ. ೧೧೦ರ ಇಮ್ಮಡಿ ೨೨೦. ಅದರಿಂದ ೧೬೫ನ್ನು ಕಳೆದರೆ ೫೫. ೧೬೫ರ ಇಮ್ಮಡಿ ೩೩೦. ಅದರಿಂದ ೧೧೦ನ್ನು ಕಳೆದರೆ ೨೨೦. ಒಂದು ಮಂದ್ರಸ್ಥಾಯಿಯ ಷಡ್ಜ, ಇನ್ನೊಂದು ತಾರಸ್ಥಾಯಿಯ ಷಡ್ಜ! ಬಂದ ಅತಿಥಿಗಳಿಬ್ಬರೂ ಮನೆಯವರೇ ಆದರು. ರಾಕ್ ಸಂಗೀತದಲ್ಲಿ ಷಡ್ಜ ಪಂಚಮಗಳನ್ನು ಮಾತ್ರ ಕೂಡಿಸಿ ನುಡಿಸುವ ರೂಢಿ ಬಲವಾಗಿರುವುದಕ್ಕೆ ಇದೊಂದು ಕಾರಣ.

ಪಂಚಮದ ಬದಲು ಗಾಂಧಾರವನ್ನು ತೆಗೆದುಕೊಂಡರೆ? ಗಿಟಾರಿನ ಮೆಟ್ಟಿಲುಗಳು ಸಮಪ್ರಮಾಣದಲ್ಲಿ ಹಂಚಿದವಾದುದರಿಂದ ಅದರ ಗಾಂಧಾರ ೧೩೭.೫ರ ಬದಲು ೧೩೮.೬ ಆಗಿರುತ್ತದೆ. ಈಗ ಹುಟ್ಟುವ ಸ್ವರಗಳು ೮೧.೪ ಮತ್ತು ೧೬೭.೨. ಇವು ಪಂಚಮದ ಹತ್ತಿರದವು; ಆದರೆ ಒಂದು ತುಸು ಕೆಳಗೆ, ಇನ್ನೊಂದು ತುಸು ಮೇಲೆ. ಗಿಟಾರಿನ ಪಂಚಮ ೧೬೪.೮. ಅದನ್ನೂ ಕೂಡಿಸಿ ಮೀಟಿದರೆ ೧೬೭.೨ರ ಸ್ವರ ಅದರೊಡನೆ ಜಗಳಕ್ಕೆ ನಿಂತು, ಸೆಕೆಂಡಿಗೆ ಎರಡು ಬಾರಿಗಿಂತ ತುಸು ಹೆಚ್ಚಾಗಿ ನಾದ ತೂಗಾಡುತ್ತದೆ. ಒಡಕು ಹೆಚ್ಚಿದಂತೆ ಇಂತಹ ಜಗಳಗಂಟ ಸ್ವರಗಳೂ ಹೆಚ್ಚುತ್ತವೆ. ಒಂಟಿಸ್ವರದಲ್ಲಿ ಚೆನ್ನಾಗಿ ಕೇಳಿದ ಪೆಡಲು ಸ್ವರಮೇಳದಲ್ಲಿ ಕರ್ಕಶವಾಗುವುದು ಈ ಕಾರಣದಿಂದ.

ಪರೀಕ್ಷೆಯ ಕ್ರಮ

ಈಗ ಹೊಸ ಪೆಡಲನ್ನು ಕೈಗೆತ್ತಿಕೊಳ್ಳೋಣ. ಮೊದಲು ಅದಕ್ಕೆ ಎಷ್ಟು ವೋಲ್ಟು ಬೇಕು, ಧನ ಋಣ ತುದಿಗಳು ಹೇಗಿರಬೇಕು ಎಂಬುದನ್ನು ಪೆಟ್ಟಿಗೆಯ ಮೇಲೆ ಓದಿ ನೋಡಬೇಕು. ಇಂತಹ ಪೆಡಲುಗಳಲ್ಲಿ ಬಹುಪಾಲು ೯ ವೋಲ್ಟಿನವು. ತುದಿಗಳು ತಿರುಗುಮುರುಗಾದರೆ ಪೆಡಲು ಸುಟ್ಟುಹೋಗಬಹುದು. ವಾಲ್ವು ಆಂಪ್ಲಿಫೈಯರನ್ನಂತೂ ವಿದ್ಯಾರ್ಥಿಗಳು ಯಾವ ಕಾರಣಕ್ಕೂ ಬಿಚ್ಚಬಾರದು. ಅದರೊಳಗೆ ನೂರಾರು ವೋಲ್ಟುಗಳಿರುತ್ತವೆ. ಸ್ವಿಚ್ಚು ಆರಿಸಿದ ಮೇಲೆಯೂ ಅದರ ಕೆಪಾಸಿಟರುಗಳು ಆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು.

ಎರಡನೆಯದಾಗಿ, ಆಗಲೇ ಹೇಳಿದ 'ಲೆವೆಲ್' ಗುಂಡಿಯ ವಿಚಾರ. ಸದ್ದಿನ ಪ್ರಮಾಣ ಏರಿದಂತೆ ಮಂದ್ರಸ್ವರಗಳಿಗೂ ಅತಿ ತಾರಸ್ವರಗಳಿಗೂ ನಮ್ಮ ಕಿವಿ ಹೆಚ್ಚು ಚುರುಕಾಗುತ್ತದೆಂದು ಅಮೆರಿಕದ ಬೆಲ್ ಪ್ರಯೋಗಶಾಲೆಯ ಫ್ಲೆಚರ್ ಮತ್ತು ಮನ್ಸನ್ ೧೯೩೩ರಲ್ಲಿ ತೋರಿಸಿಕೊಟ್ಟರು. ಆದಕಾರಣ ಅದೇ ನಾದವನ್ನು ತುಸು ದೊಡ್ಡದಾಗಿ ಕೇಳಿಸಿದರೆ ಅದು 'ದೊಡ್ಡದು' ಎನಿಸದೆ 'ಒಳ್ಳೆಯದು', 'ತುಂಬಿದ್ದು' ಎನಿಸುತ್ತದೆ. ಪೆಡಲನ್ನು ಮೆಟ್ಟಿದೊಡನೆ ಸದ್ದು ಏರುವಂತೆ ಗುಂಡಿ ತಿರುಗಿಸಿಟ್ಟಿದ್ದರೆ ಎಂತಹ ಪೆಡಲೂ ಗೆದ್ದುಬಿಡುತ್ತದೆ. ಆದುದರಿಂದ ಪೆಡಲು ಇದ್ದಾಗಲೂ ಇಲ್ಲದಾಗಲೂ ಸದ್ದು ಒಂದೇ ಸಮನಾಗಿರುವಂತೆ ಮೊದಲು ಹೊಂದಿಸಬೇಕು. ಮೊಬೈಲ್ ಫೋನಿನ ಧ್ವನಿಮಾಪಕವನ್ನು ಒಂದೇ ಜಾಗದಲ್ಲಿಟ್ಟು ಎರಡನ್ನೂ ಅಳೆದರೆ ಈ ಹೋಲಿಕೆಗೆ ಸಾಕು. ಹೀಗೆ ಸಮಮಾಡಿದ ಮೇಲೆ ಉಳಿಯುವ ಭೇದವೇ ಪೆಡಲಿನ ನಿಜವಾದ ಗುಣ.

ಮೂರನೆಯದಾಗಿ, ಡ್ರೈವ್ ಗುಂಡಿಯನ್ನು ನಡುವಿಗಿಟ್ಟು ಒಂದೇ ತಂತಿಯನ್ನು ಮೃದುವಾಗಿ, ಮಧ್ಯಮವಾಗಿ, ಬಲವಾಗಿ ಮೀಟಿ ನೋಡಬೇಕು. ಒಳ್ಳೆಯ ಓವರ್‌ಡ್ರೈವಿನಲ್ಲಿ ಮೃದುವಾದ ಮೀಟಿಗೆ ಸ್ವಚ್ಛನಾದ, ಬಲವಾದ ಮೀಟಿಗೆ ಒಡಕುನಾದ, ನಡುವೆ ಅಡೆತಡೆಯಿಲ್ಲದ ಇಳಿಜಾರು ಇರಬೇಕು. ಗಿಟಾರಿನ ಮೇಲಿನ ಗುಂಡಿಯಿಂದಲೇ ಸದ್ದನ್ನು ಇಳಿಸಿದಾಗಲೂ ಒಡಕು ಕರಗಿಹೋಗಬೇಕು. ವಾದಕನ ಬೆರಳಿನ ಮಾತನ್ನು ಪೆಡಲು ಕೇಳುತ್ತದೆಯೇ ಎಂಬುದಕ್ಕೆ ಇದೇ ಪರೀಕ್ಷೆ. ಅನಂತರ ಷಡ್ಜಪಂಚಮ, ಆಮೇಲೆ ಗಾಂಧಾರ ಸೇರಿದ ಸ್ವರಮೇಳ, ಹೀಗೆ ನುಡಿಸಿ, ಎಷ್ಟು ಒಡಕಿನವರೆಗೆ ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆಂಬುದನ್ನು ಗುರುತುಹಾಕಿಕೊಳ್ಳಬೇಕು.

ನಾಲ್ಕನೆಯದಾಗಿ, ಪೆಡಲನ್ನು ಒಂಟಿಯಾಗಿ ಕೇಳಿದರೆ ಸಾಲದು. ಮಂದ್ರವನ್ನು ತಗ್ಗಿಸುವ ಟ್ಯೂಬ್ ಸ್ಕ್ರೀಮರ್ ಜಾತಿಯ ಪೆಡಲು ಕೋಣೆಯಲ್ಲಿ ಒಂಟಿಯಾಗಿ ಬಡಕಲಾಗಿ ಕೇಳುತ್ತದೆ. ಡ್ರಮ್ ಮತ್ತು ಬೇಸ್ ಗಿಟಾರುಗಳ ಜೊತೆ ಸೇರಿದಾಗ ಮಂದ್ರದ ಜಾಗವನ್ನು ಅವಕ್ಕೆ ಬಿಟ್ಟುಕೊಟ್ಟು, ತಾನು ನಡುವಿನ ಸ್ವರಗಳಲ್ಲಿ ಸ್ಪಷ್ಟವಾಗಿ ಎದ್ದು ನಿಲ್ಲುತ್ತದೆ. ಗೆಳೆಯರ ವಾದ್ಯಗಳಿಲ್ಲದಿದ್ದರೆ ಅವುಗಳ ಧ್ವನಿಮುದ್ರಣದೊಡನಾದರೂ ನುಡಿಸಿ ನೋಡಬೇಕು.

ಐದನೆಯದು ಎಲ್ಲಕ್ಕಿಂತ ಮುಖ್ಯ. ಹೊಸ ಪೆಡಲು ಹಳೆಯದಕ್ಕಿಂತ ಭಿನ್ನವೆಂಬುದು ನಿಜವೋ, ಬೆಲೆಯನ್ನೂ ಬಣ್ಣವನ್ನೂ ಕಂಡ ಮನಸ್ಸಿನ ಭ್ರಮೆಯೋ? ಎರಡನ್ನೂ ಒಂದೇ ಪ್ರಮಾಣದ ಸದ್ದಿಗೆ ಹೊಂದಿಸಿ, ಒಂದೇ ತುಣುಕನ್ನು ಎರಡರಲ್ಲಿಯೂ ನುಡಿಸಿ ಮುದ್ರಿಸಿಕೊಳ್ಳೋಣ. ಗೆಳೆಯನೊಬ್ಬನು ನಾಣ್ಯ ಚಿಮ್ಮಿ, ಬಂದ ಮುಖಕ್ಕೆ ತಕ್ಕಂತೆ ಇದನ್ನೋ ಅದನ್ನೋ ಹತ್ತು ಬಾರಿ ಕೇಳಿಸಲಿ. ನಾವು ಬೆನ್ನು ತಿರುಗಿಸಿ ಕುಳಿತು ಯಾವುದೆಂದು ಬರೆಯುತ್ತ ಹೋಗೋಣ. ಬರಿಯ ಊಹೆಯಿಂದಲೇ ಹತ್ತರಲ್ಲಿ ಎಂಟು ಅಥವಾ ಹೆಚ್ಚು ಸರಿಯಾಗುವ ಸಂಭವ ೧೦೨೪ರಲ್ಲಿ ೫೬. ಒಂಬತ್ತು ಅಥವಾ ಹೆಚ್ಚು ಸರಿಯಾಗುವ ಸಂಭವ ೧೦೨೪ರಲ್ಲಿ ೧೧ ಮಾತ್ರ. ಒಂಬತ್ತು ಸರಿಯಾದರೆ ಭೇದ ನಿಜವೆಂದು ಧೈರ್ಯವಾಗಿ ಹೇಳಬಹುದು. ಐದಾರು ಸರಿಯಾದರೆ, ಹೆಚ್ಚಿನ ಬೆಲೆ ತೆರುವ ಮುನ್ನ ಇನ್ನೊಮ್ಮೆ ಯೋಚಿಸಬೇಕು. ೧೯೯೪ರಲ್ಲಿ ಅಮೆರಿಕದಲ್ಲಿ ಹೊರಬಂದ 'ಕ್ಲಾನ್ ಸೆಂಟಾರ್' ಎಂಬ ಪೆಡಲಿನ ಒಳಭಾಗವನ್ನು ಯಾರೂ ಅನುಕರಿಸದಂತೆ ಅಂಟಿನಿಂದ ಮುಚ್ಚಿದ್ದರು. ಇಂದು ಅದರ ಹಳೆಯ ಪ್ರತಿಗಳು ಸಾವಿರಾರು ಡಾಲರುಗಳಿಗೆ ಮಾರಾಟವಾಗುತ್ತವೆ. ಅದರ ಮಂಡಲ ಬಯಲಾಗಿ, ಅದೇ ರಚನೆಯ ಅಗ್ಗದ ಪೆಡಲುಗಳೂ ಬಂದಿವೆ. ಬೆಲೆಯ ಈ ಅಂತರದಲ್ಲಿ ನಾದದ ಪಾಲೆಷ್ಟು, ಹೆಸರಿನ ಪಾಲೆಷ್ಟು ಎಂಬುದನ್ನು ತಿಳಿಯಲು ಬೆನ್ನು ತಿರುಗಿಸಿ ಕೂರುವುದಕ್ಕಿಂತ ಒಳ್ಳೆಯ ಉಪಾಯ ಬೇರೆಯಿಲ್ಲ.

ಪರೀಕ್ಷೆಯ ಭರದಲ್ಲಿ ಕಿವಿಯನ್ನು ಮರೆಯಬಾರದು. ೮೫ ಡೆಸಿಬೆಲ್ ಪ್ರಮಾಣದ ಸದ್ದನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೇಳಬಾರದೆಂದೂ, ಅದರಿಂದ ಮೇಲೆ ಪ್ರತಿ ೩ ಡೆಸಿಬೆಲ್ಲಿಗೆ ಕಾಲಾವಧಿಯನ್ನು ಅರ್ಧಕ್ಕಿಳಿಸಬೇಕೆಂದೂ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆ. ಈ ಲೆಕ್ಕದಂತೆ ೧೦೦ ಡೆಸಿಬೆಲ್ಲಿಗೆ ಕಾಲು ಗಂಟೆಯಷ್ಟೇ ಮಿತಿ. ದಣಿದ ಕಿವಿಗೆ ಭೇದಗಳು ತಿಳಿಯುವುದೂ ಇಲ್ಲ. ಒಂದು ದಿನದ ತೀರ್ಪನ್ನು ಮರುದಿನ ತಾಜಾ ಕಿವಿಯಿಂದ ಮತ್ತೆ ಪರಿಶೀಲಿಸುವುದು ಮೇಲು.

ಒಂದು ಯಂತ್ರದ ದೋಷ ಇನ್ನೊಂದರ ಗುಣವಾಗಬಲ್ಲುದೆಂಬುದಕ್ಕೆ ಈ ಪೆಟ್ಟಿಗೆ ಒಳ್ಳೆಯ ನಿದರ್ಶನ. ಭಾಷಣವನ್ನು ಕೇಳಿಸಬೇಕಾದ ಲೌಡ್‌ಸ್ಪೀಕರಿನಲ್ಲಿ ಅಲೆಯ ತಲೆ ಸವರಿಹೋದರೆ ಅದು ಕೇಡು. ವಾದಕನು ತನ್ನ ಬೆರಳಿನ ಅಳತೆಯಲ್ಲಿ ಅದನ್ನೇ ಸವರಿದರೆ ಅದು ಕಲೆ. ಯಾವ ನಾದ ಇಂಪು ಎಂಬುದನ್ನು ಭೌತಶಾಸ್ತ್ರ ಹೇಳಲಾರದು. ಆ ತೀರ್ಪು ಕೇಳುವವನದೇ. ಆದರೆ ತೀರ್ಪು ಕೊಡುವ ಕಿವಿಯ ಮುಂದೆ ಇರುವುದು ನಿಜವಾದ ನಾದವೇ, ಬರಿಯ ಸದ್ದಿನ ಹೆಚ್ಚಳವೇ ಎಂಬುದನ್ನು ಅದು ಖಂಡಿತವಾಗಿ ತಿಳಿಸಬಲ್ಲುದು. ಒಂದು ನಾಣ್ಯ, ಒಬ್ಬ ಗೆಳೆಯ, ಸ್ವಲ್ಪ ತಾಳ್ಮೆ ಇದ್ದರೆ ಸಾಕು; ಪ್ರಯೋಗಶಾಲೆ ನಮ್ಮ ಕೋಣೆಯಲ್ಲಿಯೇ ಸಿದ್ಧವಾಗುತ್ತದೆ.